ದೋನ್ಯಾ ಒಫೇಲಿಯಾಳ ನೀಲಿ ಮುಚ್ಚಳದ ಡಬ್ಬ

೧

ಶ್ರೀಮಂತರ ಕಥೆಯನ್ನು ಎಲ್ಲಿಂದ ಶುರು ಮಾಡುವುದು, ಹೇಳಿ? ಬಡವರದಾದರೆ ಸುಲಭ. ಹಸಿವಿನಿಂದ ಹೊರಟರೆ ಓದುಗರು ತಾವಾಗಿಯೇ ಹಿಂದೆ ಬರುತ್ತಾರೆ. ನಮ್ಮ ಮೊಂತೆರ್ರೇ ಊರಿನ ಸಿರಿವಂತರಿಗೆ ಹಸಿವು ಕೂಡ ಭಾನುವಾರ ಮಧ್ಯಾಹ್ನ ಎರಡಕ್ಕೇ, ಹೇಳಿ ಕಳಿಸಿದ ಹಾಗೆ ಬರುತ್ತದೆ.

ಹಾಗಾದರೆ ಭಾನುವಾರದಿಂದಲೇ ಹೊರಡೋಣ. ಹಿತ್ತಲಲ್ಲಿ ಇದ್ದಲ ಒಲೆ, ಒಲೆಯ ಮೇಲೆ ಮಾಂಸ, ಒಲೆಯ ಮುಂದೆ ಇಕ್ಕಳ ಹಿಡಿದ ಮನೆಯ ಯಜಮಾನ ದೋನ್ ಎವಾರಿಸ್ತೋ. ವಯಸ್ಸು ಎಪ್ಪತ್ತನಾಲ್ಕು, ಊರ ತುಂಬ ಬಚ್ಚಲಮನೆ ಟೈಲ್ಸ್ ಅಂಗಡಿಗಳು. ಆ ಇಕ್ಕಳವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಎಂಜಲು ಕೈಯಲ್ಲಿ ಕಾಗೆ ಹೊಡೆಯದ ಆಸಾಮಿ. ಕಾರು ಕಾಯುವವನಿಗೆ ಚಿಲ್ಲರೆ ಕೊಡುವಾಗಲೂ ನಾಣ್ಯವನ್ನು ಎರಡು ಸಲ ತಿರುಗಿಸಿ ನೋಡುತ್ತಾನೆ. ಆದರೆ ಮಗಳು ಇರಸೇಮಾಳ ಫ್ಲ್ಯಾಟು, ಕಾರು, ಆವೆಮಣ್ಣು, ಬಟ್ಟಲು ಸುಡುವ ಗೂಡು ಎಲ್ಲವೂ ಅವನದೇ. ಇರಸೇಮಾ ಮೂವತ್ತೊಂಬತ್ತರ ಹೆಂಗಸು. ಕಾಫಿ ಕುಡಿಯುವ ಮಣ್ಣಿನ ಬಟ್ಟಲು ಮಾಡುತ್ತಾಳೆ.

(ಇದು ಆರಂಭ ಅಲ್ಲ, ಪರಿಚಯ ಪತ್ರ ಎಂದು ನೀವು ಗೊಣಗಿದ್ದು ಕೇಳಿಸಿತು. ಇರಲಿ, ನಿಮಗೂ ಊಟವಿದೆ.)

೨

ಆ ಮನೆಯಲ್ಲಿ ದುಡ್ಡಿನ ಮಾತು ನಿಷಿದ್ಧ. ಊಟ ಮುಗಿದು ಇರಸೇಮಾ ಹೊರಟಾಗ ತಾಯಿ ದೋನ್ಯಾ ಒಫೇಲಿಯಾ ನೀಲಿ ಮುಚ್ಚಳದ ಡಬ್ಬವೊಂದನ್ನು ಕೈಗಿಡುತ್ತಾಳೆ. ಮೇಲೆ ಬೇಯಿಸಿದ ಬೀನ್ಸ್ ಕಾಳು, ಅದರ ಕೆಳಗೆ ಮಾಂಸ, ಅದರ ಕೆಳಗೆ ಮೈದಾ ರೊಟ್ಟಿ, ಎಲ್ಲಕ್ಕಿಂತ ತಳದಲ್ಲಿ ಫಾಯಿಲ್ ಸುತ್ತಿದ ನೋಟುಗಳು. ದುಡ್ಡು ಬೇಡ ಎನ್ನಬಹುದು. ಅಮ್ಮ ಕಟ್ಟಿಕೊಟ್ಟ ಊಟ ಬೇಡ ಎನ್ನುವ ಎದೆಗಾರಿಕೆ ಈ ಊರಿನಲ್ಲಿ ಯಾರಿಗೂ ಇಲ್ಲ. ಇನ್ನು ಅಮ್ಮನ ಡಬ್ಬ ಕಳೆಯುವುದೆಂದರೆ ಕೆಲಸ ಕಳೆದುಕೊಂಡದ್ದಕ್ಕಿಂತ ದೊಡ್ಡ ಅಪರಾಧ. ತೊಳೆದು ವಾಪಸ್ ಕೊಡಲು ಮುಂದಿನ ಭಾನುವಾರ ಬರಲೇಬೇಕು. ಬಡ್ಡಿ ಸಾಲವಾದರೂ ತಿಂಗಳಿಗೊಮ್ಮೆ ಬಾಗಿಲು ತಟ್ಟುತ್ತದೆ, ಇದು ವಾರಕ್ಕೊಮ್ಮೆ.

(ಮೊದಲ ಕರಡಿನಲ್ಲಿ ಅಪ್ಪನ ಕೈಯಿಂದ ಚೆಕ್ ಕೊಡಿಸಿದ್ದೆ. ದೋನ್ ಎವಾರಿಸ್ತೋ ಇಕ್ಕಳ ಝಳಪಿಸಿದ. "ಚೆಕ್ಕಾ? ಅವಳೇನು ನನ್ನ ನೌಕರಳಾ? ಹೊಡೆದು ಹಾಕಪ್ಪಾ ಅದನ್ನ!" ಹೊಡೆದು ಹಾಕಿದೆ.)

೩

ಕಥೆ ನಿಜವಾಗಿ ಶುರುವಾಗುವುದು ಇಲ್ಲಿ. ಹೋದ ಭಾನುವಾರ ಇದ್ದಲ ಚೀಲ ತರಲು ಉಗ್ರಾಣಕ್ಕೆ ಹೋದ ಇರಸೇಮಾ ಹಿಂದಿನ ಕಪಾಟು ತೆರೆದಳು. ಒಳಗೆ ಅವಳದೇ ಬಟ್ಟಲುಗಳು. ಈ ವರ್ಷ ಮಾರಾಟವಾದವೆಲ್ಲ, ಸುತ್ತಿದ ಕಾಗದ ಕೂಡ ಬಿಚ್ಚದೆ ಸಾಲಾಗಿ ಕೂತಿದ್ದವು.

"ಅಮ್ಮಾ, ಇವು ನಿನ್ನ ಫ್ರೆಂಡ್ಸ್ ತಗೊಂಡಿದ್ದಲ್ವಾ?"

"ತಗೊಂಡ್ರು ಕಣೇ. ಇಡೋಕೆ ಜಾಗ ಇಲ್ಲ ಅಂತ ನನ್ ಹತ್ರ ಇಟ್ಟಿದಾರೆ."

"ಎಲ್ರಿಗೂ ಜಾಗ ಇಲ್ವಾ? ದುಡ್ಡು ಯಾರು ಕೊಟ್ರು?"

"ಮಾಂಸ ಆರ್ತಾ ಇದೆ, ಬಾ."

ಇಲ್ಲಿ ನನಗೆ ನಗು ಬರಬೇಕಿತ್ತು, ಅದಕ್ಕೇ ಬರೆದದ್ದು. ಬರಲಿಲ್ಲ. ಅವಳು ಒಂದೊಂದೇ ಬಟ್ಟಲು ಸರಿಸುತ್ತಾ, ಇಲ್ಲಿ ಇಲ್ಲದ ಒಂದಾದರೂ ಇದೆಯೇ, ಯಾರೋ ಗುರುತಿಲ್ಲದವರು ಸುಮ್ಮನೆ ಇಷ್ಟಪಟ್ಟು ಕೊಂಡ ಒಂದೇ ಒಂದು ಬಟ್ಟಲು, ಎಂದು ನೆನಪು ಮಾಡಿಕೊಳ್ಳುತ್ತಿದ್ದಳು. ಒಂದೂ ನೆನಪಾಗಲಿಲ್ಲ.

ಎರಡು ದಿನ ಬಿಟ್ಟು ಸಾಲ್ತಿಲ್ಲೊ ಊರಿನ ಟೈಲ್ಸ್ ಕಾರ್ಖಾನೆಯೊಂದರಿಂದ ಕರೆ ಬಂತು. ಟೈಲ್ಸಿಗೆ ಬಣ್ಣ ಬಳಿಯುವ ಕೆಲಸ, ಪುಡಿಗಾಸು ಸಂಬಳ. ಇರಸೇಮಾ ಕುಣಿದಾಡಿದಳು. ಈ ಭಾನುವಾರ ಡಬ್ಬ ಮುಟ್ಟುವುದಿಲ್ಲ, ನೇರ ಸಾಲ್ತಿಲ್ಲೊ ಎಂದು ಶಪಥ ಮಾಡಿದಳು.

೪ (ಅಥವಾ ಎರಡು ಅಂತ್ಯಗಳು, ಬೇಕಾದ್ದು ಆರಿಸಿಕೊಳ್ಳಿ)

ಅಂತ್ಯ ಒಂದು: ಮಗಳು ಡಬ್ಬ ನಿರಾಕರಿಸುತ್ತಾಳೆ. ತಾಯಿ ಕಣ್ಣೀರಿಡುತ್ತಾಳೆ.

"ನಾನ್ಯಾಕೆ ಅಳಲಿ?" ಎಂದು ದೋನ್ಯಾ ಒಫೇಲಿಯಾ ನಡುವೆ ಬಾಯಿ ಹಾಕಿದಳು. "ಬೇಡ ಅಂದ್ರೆ ಕಾರಿನ ಸೀಟ್ ಮೇಲೆ ಇಟ್ಟು ಬರ್ತೀನಿ. ನಿನಗೆ ತಾಯಿ ಇಲ್ವೇನೋ?"

ಅಂತ್ಯ ಎರಡು: ಮಗಳು ತೆಪ್ಪಗೆ ಡಬ್ಬ ತೆಗೆದುಕೊಳ್ಳುತ್ತಾಳೆ. ಅರವತ್ತಾದ ಮೇಲೂ ಅದನ್ನು ತೊಳೆದು ತರುತ್ತಾಳೆ. ಇದನ್ನು ಓದಿ ಇರಸೇಮಾ ನನ್ನೊಡನೆ ಮಾತು ಬಿಟ್ಟಳು.

ಎರಡೂ ರದ್ದು. ನಿಮ್ಮ ಆಯ್ಕೆಯೂ ರದ್ದು, ಕ್ಷಮಿಸಿ.

೫

ದೋನ್ ಎವಾರಿಸ್ತೋ ನನ್ನನ್ನು ಒಲೆಯ ಬಳಿ ಕರೆದ.

"ಏನಪ್ಪಾ ರೈಟರ್, ಒಂದು ಕಥೆಗೆ ಎಷ್ಟು ಕೊಡ್ತಾರೆ?"

ಹೇಳಿದೆ. ಅವನು ನಕ್ಕ ರಭಸಕ್ಕೆ ಇಕ್ಕಳ ಜಾರಿತು. "ಅಷ್ಟಕ್ಕೆ ನನ್ ಒಲೆಗೆ ಇದ್ದಲೂ ಬರಲ್ಲ!" ಆಮೇಲೆ ದನಿ ತಗ್ಗಿಸಿದ. "ನೋಡು, ಆ ಸಾಲ್ತಿಲ್ಲೊ ಯಜಮಾನನ ಮಾಲೆಲ್ಲ ನಮ್ ಅಂಗಡೀಲೇ ಹೋಗೋದು. ನಾನೇ ಒಂದು ಮಾತು ಹೇಳಿದೆ. ಸಂಬಳಾನೂ ಇಲ್ಲಿಂದಲೇ. ಅವಳಿಗೆ ಹೇಳ್ಬೇಡ."

"ಯಾಕೆ ದೋನ್? ಅವಳಿಗೆ ಬೇಡದ್ದೇ ಅದು."

"ಅವಳು ಬಿದ್ರೆ?" ಎಂದ. ಮಾಂಸ ಮಗುಚಿದ. ಸೀದಿತ್ತು. ಆ ಒಲೆಯ ಮೇಲೆ ಮಾಂಸ ಸೀದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. "ನನಗೆ ನೋಡೋಕಾಗಲ್ಲ ಕಣಪ್ಪಾ. ಬೀಳೋದನ್ನ ನೋಡೋಕೆ ಗೊತ್ತೇ ಇಲ್ಲ ನನಗೆ."

(ಈ ಐದನೇ ಭಾಗ ಅಳಿಸಿದ್ದೇನೆ. ನೀವು ಓದಿಲ್ಲ. ಇರಸೇಮಾ ಸಿಕ್ಕರೆ ಬಾಯಿ ಬಿಡಬೇಡಿ.)

೬

ಭಾನುವಾರ, ಒಂದೂಮುಕ್ಕಾಲು. ಇರಸೇಮಾಳ ಕಾರು ರಸ್ತೆ ಬದಿಯಲ್ಲಿ ನಿಂತಿದೆ. ಎಡಕ್ಕೆ ಹೋದರೆ ಅಪ್ಪನ ಮನೆ, ನೇರ ಹೋದರೆ ಸಾಲ್ತಿಲ್ಲೊ ಹೆದ್ದಾರಿ. ಅವಳು ಎಂಜಿನ್ ಆಫ್ ಮಾಡಿ ಪಕ್ಕದ ಸೀಟಿನಲ್ಲಿದ್ದ ನನ್ನತ್ತ ತಿರುಗಿದಳು.

"ನೀನು ಅಳಿಸಿದ್ದನ್ನ ಓದಿದೆ."

"ಹೇಗೆ?"

"ನಾನಿರೋದೇ ನಿನ್ನ ಕಥೆಯೊಳಗೆ. ಗೋಡೆ ತೆಳು."

ಗಾಬರಿಯಾಯಿತು. "ಇರಸೇಮಾ, ಬೇರೆ ಕೆಲಸ ಬರೆದುಕೊಡ್ತೀನಿ. ದೂರದ ಸಾಕಾತೆಕಾಸ್ ಊರು ಆಗಬಹುದಾ? ನಿಮ್ಮಪ್ಪನ ಹೆಸರೂ ಕೇಳಿರದ ಯಜಮಾನ. ಕಮ್ಮಿ ಬಾಡಿಗೆಯ ಮನೆ. ಬಟ್ಟಲು ಕೊಳ್ಳೋಕೆ ಗುರುತಿಲ್ಲದ ಹೆಂಗಸೊಬ್ಬಳನ್ನೂ ಕಳಿಸ್ತೀನಿ."

"ನಿನ್ನ ಹೆಂಗಸು ಕೊಡೋ ದುಡ್ಡು ಯಾರದ್ದು?"

ಆ ಹೆಂಗಸಿದ್ದ ಸಾಲನ್ನು ಹೊಡೆದು ಹಾಕಿದೆ.

"ನೀನೂ ಅಪ್ಪ ಆಗ್ಬಿಟ್ಯಲ್ಲೋ," ಎಂದಳು. ಸಿಟ್ಟಿರಲಿಲ್ಲ, ಸುಸ್ತಿತ್ತು. ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಪೆನ್ನು ಕೆಳಗಿಟ್ಟೆ. "ಸರಿ. ಇನ್ನೇನೂ ಬರೆಯಲ್ಲ. ನೀನುಂಟು, ನಿನ್ನ ದಾರಿ ಉಂಟು."

ಅವಳು ತಲೆಯಾಡಿಸಿದಳು. ಬೆನ್ನು ನೆಟ್ಟಗಾಯಿತು. ಕಥೆ ಇಲ್ಲಿ ಮುಗಿದಿದ್ದರೆ ನನಗೂ ಮರ್ಯಾದೆ, ಅವಳಿಗೂ ಮರ್ಯಾದೆ. ಆದರೆ ಅವಳು ಕೀಲಿ ತಿರುಗಿಸಿ, ಡ್ಯಾಶ್‌ಬೋರ್ಡಿನ ಮುಳ್ಳು ನೋಡಿದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು:

"ಪೆಟ್ರೋಲ್ ಮಾತ್ರ ಬರೆದುಬಿಡು. ಇದೊಂದು ಸಲ."

ಅರ್ಧ ಟ್ಯಾಂಕ್ ಬರೆದೆ. ಅಪ್ಪನ ಮನೆಗೆ ಅದು ಹೆಚ್ಚಾಯಿತು. ಸಾಲ್ತಿಲ್ಲೊವನ್ನೂ ದಾಟಿಸೀತು, ಅಲ್ಲಿಂದಾಚೆ ಎಷ್ಟು ದೂರ ಎಂದು ನನ್ನನ್ನು ಕೇಳಬೇಡಿ, ಎಡಕ್ಕೋ ನೇರಕ್ಕೋ ಎಂದಂತೂ ಕೇಳಲೇಬೇಡಿ. ಕೊಟ್ಟಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಪೂರ್ತಿ ತುಂಬಿಸಬೇಕಿತ್ತೇನೋ ಎಂದು ಈಗಲೂ ಕೈ ತುರಿಸುತ್ತಿದೆ.