ಎರಡನೆಯ ಹಗ್ಗ

"ಎರಡನೆಯದು ನಿಮ್ಮದು," ಎಂದು ಮಿಸ್ಟರ್ ಪಿರಿ ಕಪ್ಪಂಚಿನ ಪುಟ್ಟ ಕಾರ್ಡೊಂದನ್ನು ರೋನಾಳ ಕೈಗೆ ಕೊಡುವುದಕ್ಕೂ ಅವಳ ಕೋಟಿನ ಜೇಬಿನಲ್ಲಿ ಫೋನು ನಡುಗುವುದಕ್ಕೂ ಸರಿಹೋಯಿತು.

ಕಾರ್ಡಿನ ಮೇಲೆ ಶವಪೆಟ್ಟಿಗೆಯ ಗೆರೆಚಿತ್ರ, ಅದರ ಸುತ್ತ ಎಂಟು ಅಂಕಿಗಳು, ಪೆಟ್ಟಿಗೆಯನ್ನು ಮಣ್ಣಿಗಿಳಿಸುವ ಎಂಟು ಹಗ್ಗಗಳಿಗೆ. ತಲೆಯ ಕಡೆ ಒಂದನೆಯದು, ಕಾಲಿನ ಕಡೆ ಎರಡನೆಯದು, ಎರಡೂ ಮಗ್ಗುಲಿಗೆ ಉಳಿದವು ಮೂರು ಮೂರು. ಎರಡನೆಯ ಅಂಕಿಯ ಸುತ್ತ ಯಾರೋ ಮಸಿಯಲ್ಲಿ ಸುತ್ತು ಹಾಕಿದ್ದರು.

"ಕಾಲಿನ ಕಡೆ ನಿಂತ್ಕೊಳ್ಳಿ. ನಾನು ಹೇಳಿದಾಗ ಎತ್ತಿ, ಹೇಳಿದಾಗ ಇಳಿಸಿ. ಕೈಯಿಂದ ಕೈಗೆ, ನಿಧಾನಕ್ಕೆ. ಪೆಟ್ಟಿಗೆ ನೆಲ ಮುಟ್ಟಿತು ಅಂದ್ರೆ ನನ್ನ ಕೆಲಸ ಮುಗೀತು. ಆಮೇಲೆ ಹಗ್ಗ ಬಿಡೋದು ನಿಮ್ಮನಿಮ್ಮ ಇಷ್ಟ. ಅದಕ್ಕೆ ನಾನು ಏನೂ ಹೇಳಲ್ಲ."

"ಎಷ್ಟು ಹೊತ್ತು ಹಿಡ್ಕೊಂಡಿರಬಹುದು?"

ಪಿರಿ ಅವಳ ಮುಖ ನೋಡಿದ. ಮೂವತ್ತು ವರ್ಷದಿಂದ ಡಂಡೀ ಊರಿನ ಹೆಣಗಳನ್ನು ಮಣ್ಣಿಗೆ ಸೇರಿಸುತ್ತ ಬಂದವನು. "ಅದನ್ನ ಇಲ್ಲಿತನಕ ಯಾರೂ ಕೇಳಿಲ್ಲ ಮೇಡಂ," ಎಂದು ಮೂರನೆಯ ಕಾರ್ಡು ಹಿಡಿದು ಮುಂದೆ ಹೋದ.

ಹಗ್ಗಗಳ ಪಟ್ಟಿಯನ್ನು ಮರ್ಡೋ ಕೀಲರ್ ತಾನೇ ಬರೆದಿಟ್ಟಿದ್ದ, ಹೋದ ವರ್ಷದ ಉಬ್ಬರವಿಳಿತದ ಪಂಚಾಂಗದ ಹಿಂಬದಿಯಲ್ಲಿ. ಐವತ್ತೊಂಬತ್ತು ವರ್ಷದವನು; ಸೋಮವಾರ ಬೆಳಿಗ್ಗೆ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಹೆಂಡತಿ ಮಕ್ಕಳಿಲ್ಲ. ಅಕ್ಕ ಎಲ್ಸ್‌ಪೆತ್ ಒಬ್ಬಳೇ. ಮೊದಲನೆಯ ಹಗ್ಗ ಅವಳದು. ಎರಡನೆಯದು ಇಪ್ಪತ್ತಾರು ವರ್ಷ ಅವನ ಜೊತೆ ಕಂಪ್ಯೂಟರ್ ಆಟಗಳನ್ನು ಮಾಡಿದ, ಕೊನೆಯ ಹದಿಮೂರು ವರ್ಷ ಅವನ ಮೇಲಧಿಕಾರಿಯಾಗಿದ್ದ ರೋನಾ ಲಿಂಡೋರ್ಸ್‌ಳದು.

ಅವಳು ಗೋಡೆಯ ಕಡೆ ತಿರುಗಿ ಫೋನು ತೆಗೆದಳು. ಸ್ಟುಡಿಯೋದ ಮಾಲೀಕರಿಂದ, ಲಂಡನ್ನಿನಿಂದ ಪತ್ರ. "ಒಪ್ಪಿಗೆಯಿದೆ, ಕೆಳಗಿನ ತಿದ್ದುಪಡಿಗಳೊಂದಿಗೆ."

ಮರ್ಡೋನ ಬಗ್ಗೆ ತಾನು ಆಡಬೇಕಾಗಿದ್ದ ಮಾತನ್ನು ಅವಳು ಗುರುವಾರ ಸಂಜೆ ಬರೆದು ಮುಗಿಸಿ, ಅವರ ಒಪ್ಪಿಗೆಗೆ ಕಳಿಸಿಬಿಟ್ಟಿದ್ದಳು. ಯಾಕೆ ಎಂದು ಯೋಚಿಸಿಯೇ ಇರಲಿಲ್ಲ. ಹದಿಮೂರು ವರ್ಷಗಳಿಂದ ಸ್ಟುಡಿಯೋದಿಂದ ಹೊರಗೆ ಹೋಗುವ ಪ್ರತಿ ಅಕ್ಷರವೂ ಆ ವಿಳಾಸಕ್ಕೆ ಹೋಗಿ ಬರುತ್ತಿತ್ತು: ಭಿತ್ತಿಪತ್ರ, ಸಂದರ್ಶನ, ಕ್ರಿಸ್‌ಮಸ್ ಶುಭಾಶಯ, ಒಮ್ಮೆ ಕಳೆದುಹೋದ ಬೆಕ್ಕಿನ ಬಗ್ಗೆ ಬಾಗಿಲಿಗಂಟಿಸಿದ ಚೀಟಿ ಕೂಡ. ಬೆರಳು ತನ್ನಷ್ಟಕ್ಕೆ ಆ ವಿಳಾಸ ಒತ್ತಿತ್ತು.

ಮೂರನೆಯ ಪ್ಯಾರಾದ ಮೇಲೆ ಕೆಂಪು ಗೆರೆ. ಅದರ ಜಾಗಕ್ಕೆ ಒಂದು ಸಾಲು.

"ಏನಮ್ಮಾ, ಇವತ್ತೂ ಕೆಲಸವಾ?" ಎಲ್ಸ್‌ಪೆತ್ ಹಿಂದೆ ನಿಂತಿದ್ದಳು. ಅರವತ್ತೇಳರ ಗಟ್ಟಿ ಹೆಂಗಸು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಸೌಟು ಹಿಡಿದವಳು. "ಎರಡನೇ ಹಗ್ಗ ನಿಂಗೆ ಕೊಟ್ಟಿದಾನೆ ನೋಡು. ನನ್ನ ಅಳಿಯಂಗೆ ಇರ್ಲಿ ಅಂತ ನಂಗಿತ್ತು. ಸತ್ತೋನ ಮಾತು, ಏನ್ ಮಾಡೋದು."

"ಕೊಡ್ತಾನೆ ಅಂತ ನಾನೂ ಅಂದ್ಕೊಂಡಿರಲಿಲ್ಲ."

"ಅಪ್ಪನ ಫೆರಿ ವಿಷಯ ಬರುತ್ತೆ ತಾನೆ? ಬುಧವಾರ ಫೋನಲ್ಲಿ ಓದಿದ್ಯಲ್ಲ, ಹಾಗೇ?"

"ಬರುತ್ತೆ," ಎಂದಳು ರೋನಾ.

* * *

ಆಟಗಳನ್ನು ಜಗತ್ತಿಗೆಲ್ಲ ಮಾರುವ ಆ ದೊಡ್ಡ ಕಂಪನಿ ಅವರ ಸ್ಟುಡಿಯೋ ಕೊಂಡ ದಿನ, ಹಳೆಯ ಸೆಣಬಿನ ಗಿರಣಿಯ ಮೂರನೆಯ ಮಹಡಿಯಲ್ಲಿ ಹನ್ನೊಂದು ಜನ ಪ್ಲಾಸ್ಟಿಕ್ ಲೋಟಗಳಲ್ಲಿ ಷಾಂಪೇನು ಕುಡಿದರು. ಮರ್ಡೋ ಕುಡಿಯಲಿಲ್ಲ. ಕಿಟಕಿಯ ಕಟ್ಟೆ ಮೇಲೆ ಕೂತು ಈರುಳ್ಳಿ ಹಾಕಿದ ಮಾಂಸದ ಕಡುಬು, ಬ್ರೈಡಿ, ತಿನ್ನುತ್ತಿದ್ದ.

"ಕರಾರಿನ ಏಳನೇ ಕಲಮು ಇನ್ನೊಂದ್ಸಲ ಓದು," ಎಂದ.

ರೋನಾ ಓದಿದಳು. ಆಟದ ಒಳಗಿನ ಯಾವುದೇ ಸಂಗತಿಯಲ್ಲಿ ಸ್ಟುಡಿಯೋದ ಮಾತೇ ಕೊನೆಯದು. ಈ ಒಂದು ಸಾಲಿಗಾಗಿ ಅವಳು ನಾಲ್ಕು ತಿಂಗಳು ವಕೀಲರ ಜೊತೆ ಗುದ್ದಾಡಿದ್ದಳು.

"ಚೆನ್ನಾಗಿದೆ. ಹಾಗಾದ್ರೆ ಅವರನ್ನ ಏನೂ ಕೇಳ್ಬೇಡ."

"ಅಂದ್ರೆ?"

"ಅಂದ್ರೆ ಕೇಳ್ಬೇಡ ಅಂತ. ಕೇಳಿದ್ರೆ ತಾನೆ ಅವರಿಗೆ 'ಬೇಡ' ಅನ್ನೋಕೆ ಬಾಯಿ ಬರೋದು?" ಬೆರಳಿಗಂಟಿದ ಜಿಡ್ಡನ್ನು ಪ್ಯಾಂಟಿಗೆ ಒರೆಸಿಕೊಂಡ. "ನಾವು ಮಾಡೋಣ. ಅವರು ಮಾರಲಿ."

ಅವಳು ಒಂದು ತಿಂಗಳು ಕೇಳಲಿಲ್ಲ.

ಆಗ ಅವರು ಮಾಡುತ್ತಿದ್ದ ಆಟದ ಹೆಸರು 'ಮರಳುದಿಣ್ಣೆ'. ಅದರಲ್ಲಿ ಟೇ ನದಿಯ ಅಳಿವೆ ಇತ್ತು, ಆರು ತಾಸು ಚಿಲ್ಲರೆ ನೀರು ಏರುತ್ತಿತ್ತು, ಮತ್ತೆ ಅಷ್ಟೇ ಹೊತ್ತು ಇಳಿಯುತ್ತಿತ್ತು. ಮರ್ಡೋ ಒಂದು ವರ್ಷ ದಿನಾ ಬೆಳಿಗ್ಗೆ ಬ್ರಾಟಿ ಫೆರಿ ಎಂಬ ಬಡಾವಣೆಯ ಬಂದರುಕಟ್ಟೆಗೆ ಹೋಗಿ, ಗುರುತು ಹಾಕಿದ ಕೋಲು ನೀರಿಗಿಟ್ಟು, ಅಳತೆ ಬರೆದುಕೊಂಡಿದ್ದ. ಆಡುವವನು ಹೊತ್ತು ತಪ್ಪಿದರೆ ದಿಣ್ಣೆಯ ಮೇಲೆ ಸಿಕ್ಕಿಕೊಂಡು ನೀರು ಇಳಿಯುವವರೆಗೆ ಕಾಯಬೇಕು. ಕಾಯುವುದೇ ಆಟದ ಜೀವ. ಅದರ ಬಗ್ಗೆ ರೋನಾ ಲಂಡನ್ನಿಗೆ ಒಂದು ಪತ್ರ ಬರೆದಳು. ಒಪ್ಪಿಗೆಗೆಂದಲ್ಲ, ಸುಮ್ಮನೆ ನಿಮ್ಮ ಗಮನಕ್ಕಿರಲಿ ಎಂದು.

ಎರಡೇ ದಿನದಲ್ಲಿ ಉತ್ತರ ಬಂತು. ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ, ಪರೀಕ್ಷೆ ಮಾಡಿ ನೋಡೋಣ.

ಅದು ಪ್ರಶ್ನೆಯಾಗಿರಲೇ ಇಲ್ಲ. ಆದರೂ ಲಂಡನ್ನಿನ ಒಂದು ಕೋಣೆಯಲ್ಲಿ ಹನ್ನೆರಡು ಜನ ಅಪರಿಚಿತರನ್ನು ಕೂರಿಸಿ ಆಡಿಸಿದರು. ನೀರು ಏರಿದಾಗ ಒಂಬತ್ತು ಜನ ಆಟ ಕೆಳಗಿಟ್ಟರು. ಆಮೇಲೆ ಆಟಕ್ಕೊಂದು ಬೆಳ್ಳಿಯ ಗುಂಡಿ ಬಂತು. ಮೂರು ನಾಣ್ಯ ಕೊಟ್ಟು ಅದನ್ನು ಒತ್ತಿದರೆ ಸಮುದ್ರ ಹಿಂದಕ್ಕೆ ಹೋಗುತ್ತಿತ್ತು.

ಆ ಗುಂಡಿಯನ್ನು ಮರ್ಡೋನೇ ಮಾಡಿದ. ಬೇರೆಯವರಿಗೆ ಬಿಡಲಿಲ್ಲ. ಒತ್ತಿದ ಮೇಲೆ ಅರ್ಧ ಸೆಕೆಂಡು ನೀರು ಅನುಮಾನಿಸಿ ನಿಂತು, ಆಮೇಲೆ ಸರಿಯುವಂತೆ ಮಾಡಿದ್ದ. ಆ ಅರ್ಧ ಸೆಕೆಂಡನ್ನು ಯಾರೂ ಗಮನಿಸಲಿಲ್ಲ.

* * *

ಮರ್ಡೋ ದೇವರ ಗೊಡವೆಗೆ ಹೋದವನಲ್ಲ. ಆದ್ದರಿಂದ ಪಾದ್ರಿ ಇರಲಿಲ್ಲ, ಪಿರಿಯ ಕಟ್ಟಡದ ಹಾಲಿನಲ್ಲೇ ಎಲ್ಲ ನಡೆಯಿತು. ಸುಮಾರು ನಲವತ್ತು ಜನ. ಕಂಪನಿಯ ಪರವಾಗಿ ಏಡ್ರಿಯನ್ ಸೆಲ್ವಿನ್ ಬಂದಿದ್ದ. ಐದು ವರ್ಷದಿಂದ ಲಂಡನ್ನಿನಲ್ಲಿದ್ದು ಸ್ಟುಡಿಯೋದ ಹೊಣೆ ಹೊತ್ತಿದ್ದ ಅವನು ಬೆಳಗಿನ ಮೊದಲ ವಿಮಾನ ಹಿಡಿದು ಬಂದು, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನ ಕಣ್ಣು ನಿಜವಾಗಿಯೂ ಕೆಂಪಾಗಿತ್ತು.

ರೋನಾ ಎದ್ದು ನಿಂತಳು. ಮನೆಯಲ್ಲಿ ಅಚ್ಚು ಹಾಕಿದ ಹಾಳೆ ಕೈಚೀಲದಲ್ಲಿತ್ತು, ತಿದ್ದಿದ ಮಾತು ಫೋನಿನಲ್ಲಿ. ಚೀಲದ ಜಿಪ್ಪು ಅರ್ಧ ತೆಗೆದಿತ್ತು. ಹಾಳೆಯ ಮೂಲೆ ಕಾಣುತ್ತಿತ್ತು. ಅವಳು ಫೋನು ಹಿಡಿದು ಓದತೊಡಗಿದಳು.

ಮೊದಲ ಪ್ಯಾರಾ: ಬಂದರುಕಟ್ಟೆ, ಕೋಲು, ಅಳತೆಯ ಪುಸ್ತಕ. ಜನ ನಕ್ಕರು. ಎರಡನೆಯದು: ಅವನು ಮೇಜಿನ ಖಾನೆಯಲ್ಲಿ ಬಚ್ಚಿಡುತ್ತಿದ್ದ ಬ್ರೈಡಿಗಳು. ಇನ್ನೂ ನಕ್ಕರು. ಮೂರನೆಯದಕ್ಕೆ ಬಂದಳು. ಎಲ್ಸ್‌ಪೆತ್ ಮೊದಲ ಸಾಲಿನಲ್ಲಿ ಕುತ್ತಿಗೆ ಚಾಚಿ, ಕರವಸ್ತ್ರ ಸಿದ್ಧ ಮಾಡಿಕೊಂಡು ಕಾಯುತ್ತಿದ್ದಳು.

"ಸಂಸ್ಥೆಯ ಹಲವು ಯಶಸ್ವೀ ಆಟಗಳಿಗಾಗಿ ಮರ್ಡೋ ಸದಾ ಉತ್ಸಾಹದಿಂದ ದುಡಿದರು," ಎಂದು ರೋನಾ ಓದಿದಳು.

"ಉತ್ಸಾಹ!" ಹಿಂದಿನಿಂದ ಫಿನ್ಲೆ ತಗ್ಗಿದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಅಂದ. ಎರಡು ವರ್ಷದ ಹಿಂದೆ ಸ್ಟುಡಿಯೋದಿಂದ ಹೊರಬಿದ್ದವನು. "ಅವನನ್ನ ಉತ್ಸಾಹದಲ್ಲಿ ನಾನು ನೋಡಿದ್ದು ಒಂದೇ ಸಲ. ಅದೂ ಈಕೆ ಹಾಳು ಮಾಡಿದ್ಲು."

ಎಲ್ಸ್‌ಪೆತ್‌ಳ ಕರವಸ್ತ್ರ ಮಡಿಕೆ ಬಿಚ್ಚದೆ ತೊಡೆಯ ಮೇಲೇ ಉಳಿಯಿತು.

* * *

ಆ ಒಂದು ಸಲದ ಹೆಸರು 'ಕೊನೆಯ ಫೆರಿ'. ಮರ್ಡೋ, ಫಿನ್ಲೆ, ಇನ್ನಿಬ್ಬರು ಸೇರಿ, ಕೆಲಸದ ಹೊತ್ತು ಮುಗಿದ ಮೇಲೆ ಎರಡು ವರ್ಷ ಕೂತು ಮಾಡಿದ್ದು. ಟೇ ನದಿಗೆ ರಸ್ತೆ ಸೇತುವೆ ಬರುವ ಮುಂಚೆ ಜನರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದ ಹಡಗಿನಲ್ಲಿ ಮರ್ಡೋನ ಅಪ್ಪ ಹಗ್ಗ ಎಸೆಯುವ ಆಳು. ಸೇತುವೆ ತೆರೆದ ದಿನ ಫೆರಿ ನಿಂತಿತು. ಆಗ ಮರ್ಡೋ ಕೈಗೂಸು. ಒಂಬತ್ತರ ಎಲ್ಸ್‌ಪೆತ್ ಆ ಕೊನೆಯ ಸುತ್ತಿನಲ್ಲಿ ಅಪ್ಪನ ಜೊತೆ ಹೋಗಿದ್ದಳು. ಅವಳು ಹೇಳಿ ಹೇಳಿ ಸವೆಸಿದ ಆ ಒಂದು ದಿನವೇ ಆಟ.

ಅದರಲ್ಲಿ ಗೆಲ್ಲುವುದಕ್ಕೆ ಏನೂ ಇರಲಿಲ್ಲ. ಹಡಗು ಕಟ್ಟೆಗೆ ಬರುತ್ತದೆ, ಹಗ್ಗ ಎಸೆಯಬೇಕು, ಕಟ್ಟಬೇಕು, ಜನ ಇಳಿದ ಮೇಲೆ ಬಿಡಬೇಕು. ಹಗ್ಗದ ಎಳೆತ ಕೈಯಲ್ಲಿ ಹಿಡಿದ ಯಂತ್ರದಲ್ಲಿ ನಡುಕವಾಗಿ ತಿಳಿಯುತ್ತಿತ್ತು. ರೋನಾ ಒಂದು ಸಂಜೆ ಆಡಿ ನೋಡಿದಳು.

"ಯಾವಾಗ ಬಿಡ್ಬೇಕು ಅಂತ ಎಲ್ಲೂ ತೋರಿಸಲ್ವಲ್ಲ?"

"ಇಲ್ಲ."

"ಆಡೋರಿಗೆ ಹೇಗೆ ಗೊತ್ತಾಗ್ಬೇಕು ಮರ್ಡೋ?"

"ಕೈಗೆ ಗೊತ್ತಾಗುತ್ತೆ," ಎಂದ. ಅವನ ಮುಖದಲ್ಲಿ ಅವಳು ಹತ್ತು ವರ್ಷದಿಂದ ಕಾಣದಿದ್ದ ಒಂದು ಬೆಳಕಿತ್ತು. "ಏಳನೇ ಕಲಮು ಇದೆ. ನಾವು ಹೊರಗೆ ಬಿಟ್ಟುಬಿಡೋಣ. ಬಿಟ್ಟ ಮೇಲೆ ಹೇಳೋಣ."

ಅವಳಿಗೆ ಆಟ ಇಷ್ಟವಾಗಿತ್ತು. ಎಷ್ಟು ಇಷ್ಟವಾಗಿತ್ತೆಂದರೆ ಅದಕ್ಕೆ ಏನೂ ಆಗಬಾರದು ಎನಿಸಿತು. ಮೇಲಿನವರ ಆಶೀರ್ವಾದ ಒಂದಿದ್ದರೆ ನಾಳೆ ಯಾರೂ ಬೆರಳು ತೋರಿಸಲಾರರು. ಅವನಿಗೆ ಹೇಳದೆ ಅದನ್ನು ಲಂಡನ್ನಿಗೆ ಕಳಿಸಿದಳು.

ಉತ್ತರದಲ್ಲಿ ಒಂದೂ ಕೆಟ್ಟ ಮಾತಿರಲಿಲ್ಲ. ಬಹಳ ಸುಂದರವಾಗಿದೆ, ಆದರೆ ಈ ವರ್ಷದ ನಮ್ಮ ಯೋಜನೆಗೆ ಹೊಂದುವುದಿಲ್ಲ ಎಂದಿತ್ತು. ಕಂಪನಿಯ ಯಂತ್ರಗಳಲ್ಲಿ ಮಾಡಿದ್ದರಿಂದ ಆಟ ಕಂಪನಿಯದೇ ಆಗಿ, ಬೀಗ ಬಿತ್ತು. ಇಷ್ಟು ಬಿಡುವಿರುವ ಜನ ಸ್ಟುಡಿಯೋದಲ್ಲಿ ಎಷ್ಟಿದ್ದಾರೆ ಎಂದು ಯಾರೋ ಲೆಕ್ಕ ಹಾಕಿದರು. ಫಿನ್ಲೆ ಮತ್ತು ಇನ್ನೊಬ್ಬಳು ಕೆಲಸ ಕಳೆದುಕೊಂಡು ಮನೆಗೆ ಹೋದರು.

ಮರ್ಡೋ ಅವಳ ಬಾಗಿಲಲ್ಲಿ ಬಂದು ನಿಂತ. ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಕೇಳಿದ್ಯಾ?" ಎಂದ, ಅಷ್ಟೆ.

ಮತ್ತೆ ಎರಡು ವರ್ಷ ಪ್ರತಿ ವಾರ ನಾಣ್ಯ ಕೇಳುವ ಹೊಸ ಹೊಸ ಗುಂಡಿಗಳನ್ನು ಮಾಡಿಕೊಟ್ಟ. ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಬರುತ್ತಿದ್ದ.

* * *

ಗುಡ್ಡದ ಮೇಲಿನ ಸ್ಮಶಾನದಲ್ಲಿ ಕಾರುಗಳು ನಿಂತವು. ಕೆಳಗೆ ಅಳಿವೆ, ಅರ್ಧ ಇಳಿದ ನೀರು. ಕಾರಿನಿಂದ ಗುಂಡಿಯವರೆಗಿನ ಹಾದಿಯಲ್ಲಿ ಏಡ್ರಿಯನ್ ರೋನಾಳ ಪಕ್ಕಕ್ಕೆ ಬಂದ.

"ಒಂದು ಮಾತು ಕೇಳ್ಲಾ? ನೀವು ಅದನ್ನ ಯಾಕೆ ಕಳಿಸಿದ್ರಿ?"

"ಯಾವುದನ್ನ?"

"ಇವತ್ತಿನ ಮಾತು. ಸತ್ತೋರ ಬಗ್ಗೆ ಆಡೋ ಮಾತಿಗೆ ನಮ್ಮ ಒಪ್ಪಿಗೆ ಬೇಕು ಅಂತ ಯಾರು ಹೇಳಿದ್ರು?" ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. "ಬಂದ್ಮೇಲೆ ವಕೀಲರ ಮೇಜಿಗೆ ಹೋಗ್ಲೇಬೇಕು. ಹೊರಗೆ ಬಾರದ ಆಟದ ಹೆಸರು ಕಂಡ್ರೆ ಅವರು ಗೆರೆ ಹೊಡೀತಾರೆ, ಅದು ಅವರ ಕೆಲಸ. ಕಳಿಸ್ದೇ ಇದ್ದಿದ್ರೆ ನಾವೆಲ್ಲ ಕೂತು ಕೇಳಿ, ಅತ್ತು, ಎದ್ದು ಬರ್ತಿದ್ವಿ. ಯಾರು ಏನು ಅಂತಿದ್ರು?"

ರೋನಾ ಕೈಚೀಲದ ಜಿಪ್ಪು ಎಳೆದು ಮುಚ್ಚಿದಳು.

"ಆ ಫೆರಿ ಆಟಾನೂ ಅಷ್ಟೆ," ಎಂದು ಅವನು ಮೆಲ್ಲಗೆ ಸೇರಿಸಿದ. "ನಂಗೆ ತುಂಬ ಹಿಡಿಸಿತ್ತು. ಬಿಟ್ಟುಬಿಟ್ಟಿದ್ರೆ ಒಂದು ತಿಂಗಳು ಗೊಣಗ್ತಿದ್ವಿ. ನಿಮ್ಮ ಕರಾರಿನಲ್ಲಿ ಅದೇನೋ ಒಂದು ಕಲಮು ಇದೆಯಲ್ಲ."

"ಏಳನೇದು."

"ಹಾಂ. ಈಗ್ಲೂ ಇದೆ ಅದು."

ಗುಂಡಿಯ ಬಳಿ ಎಲ್ಸ್‌ಪೆತ್ ಕಾಯುತ್ತಿದ್ದಳು. "ಫೆರಿ ವಿಷಯ ಹೇಳೋಕೆ ಹೊತ್ತು ಸಾಕಾಗ್ಲಿಲ್ವಾ?" ಎಂದಳು.

"ಎಲ್ಸ್‌ಪೆತ್, ನಾನು..."

"ಬೇಡ ಬಿಡು. ಆ ಫೆರಿ ಹತ್ತಿದೋರಲ್ಲಿ ಬದುಕಿರೋಳು ಇನ್ನು ನಾನೊಬ್ಳೇ ಇರ್ಬೇಕು. ನಲವತ್ತು ಜನಕ್ಕೆ ಕೇಳಿಸ್ಲಿ ಅಂತ ಆಸೆ ಇತ್ತು, ಅಷ್ಟೆ." ಕೈಗವಸು ಕಳಚಿ ಜೇಬಿಗೆ ತುರುಕಿದಳು. "ಪಟ್ಟಿ ತೋರಿಸಿದಾಗ, ಯಾಕೆ ಎರಡನೇ ಹಗ್ಗ ಅವಳಿಗೆ ಅಂತ ಕೇಳಿದ್ದೆ ಅವನನ್ನ. ಏನಂದ ಗೊತ್ತಾ? ಒಂದ್ಸಲನಾದ್ರೂ ಹಿಡಿದು ನೋಡ್ಲಿ ಅಂದ."

ಪಿರಿ ಒಂದೊಂದೇ ಅಂಕಿ ಕರೆದ. ಎಂಟು ಜನ ತಮ್ಮ ತಮ್ಮ ಜಾಗದಲ್ಲಿ ನಿಂತರು. ತಲೆಯ ಕಡೆ ಎಲ್ಸ್‌ಪೆತ್, ಎದುರಿಗೆ ಕಾಲಿನ ಕಡೆ ರೋನಾ. ನಡುವೆ ಆರಡಿ ಉದ್ದದ ಮರ್ಡೋ. ಹಗ್ಗ ಕಪ್ಪು ರೇಷ್ಮೆಯದು, ತುದಿಗೆ ಕುಚ್ಚು. ಶೋಕಿಯ ವಸ್ತು ಎಂದುಕೊಂಡಿದ್ದಳು. ಅಡಿಯ ಹಲಗೆ ತೆಗೆದಾಗ ಭಾರ ತೋಳಿಗೆ ಬಂದು ಅವಳ ಹಿಮ್ಮಡಿ ಹುಲ್ಲಿನಲ್ಲಿ ಹೂತಿತು.

"ಇಳಿಸಿ," ಎಂದ ಪಿರಿ.

ಕೈಯಿಂದ ಕೈಗೆ. ರೇಷ್ಮೆ ಅಂಗೈಯನ್ನು ಉಜ್ಜುತ್ತ ಹೋಯಿತು. ಪೆಟ್ಟಿಗೆ ಒಮ್ಮೆ ವಾಲಿ, ಸರಿಯಾಗಿ, ಕೆಳಗೆ ಹೋಗಿ ನೆಲ ಮುಟ್ಟಿತು. ಹಗ್ಗದಲ್ಲಿ ಒಂದು ಸಣ್ಣ ನಡುಕ ಮೇಲೇರಿ ಬಂದು ಅವಳ ಬೆರಳುಗಳಲ್ಲಿ ನಿಂತಿತು. ಆಮೇಲೆ ಭಾರವಿಲ್ಲ.

ಎಲ್ಸ್‌ಪೆತ್ ಕೈ ತೆರೆದಳು. ಅವಳ ಹಗ್ಗ ಮರದ ಮೇಲೆ ಮೆತ್ತಗೆ ಬಿತ್ತು. ಫಿನ್ಲೆ ಬಿಟ್ಟ. ಮಗ್ಗುಲಿನವರು ಬಿಟ್ಟರು, ಒಬ್ಬರಾದ ಮೇಲೊಬ್ಬರು, ಯಾರೂ ಯಾರ ಮುಖವನ್ನೂ ನೋಡದೆ. ಬಿಟ್ಟವರು ಎರಡು ಹೆಜ್ಜೆ ಹಿಂದೆ ಸರಿದು ಟೋಪಿ ಹಾಕಿಕೊಂಡರು. ಹೋಟೆಲಿನಲ್ಲಿ ಸೂಪು ಆರುತ್ತದೆಂದು ಯಾರೋ ಪಿಸುಗುಟ್ಟಿದರು. ಕೆಳಗೆ ಅಳಿವೆಯಲ್ಲಿ ಮೊದಲ ದಿಣ್ಣೆ ಬೆನ್ನು ತೋರಿಸಿತ್ತು.

ಏಳು ಹಗ್ಗಗಳು ಪೆಟ್ಟಿಗೆಯ ಮೇಲೆ ಸುರುಳಿಯಾಗಿ ಬಿದ್ದಿದ್ದವು. ಎಂಟನೆಯದು ಗುಂಡಿಯೊಳಗಿಂದ ಎದ್ದು ರೋನಾಳ ಮುಷ್ಟಿಯವರೆಗೆ ಬಂದಿತ್ತು. ಅವಳು ತಲೆಯೆತ್ತಿ ಪಿರಿಯ ಕಡೆ ನೋಡಿದಳು, ಕೇಳುವವಳಂತೆ ಹುಬ್ಬು ತುಸು ಮೇಲೇರಿಸಿ.

ಪಿರಿ ಕೈ ಕಟ್ಟಿಕೊಂಡು, ಮರ್ಯಾದೆಯಿಂದ, ತನ್ನ ಬೂಟುಗಳನ್ನು ನೋಡುತ್ತ ನಿಂತಿದ್ದ.