ಉಲ್ಟಾ ಗಾಳಿ

ಕಾರಿನ ಎಂಜಿನ್ನು ಕಾದು ಬಿಸಿಯೇರುವುದಕ್ಕೆ ಕ್ಲಚ್ ಬಿಡದ ಹೆಂಡತಿಯ ಎಡಗಾಲೇ ಕಾರಣ ಎಂದು ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ತೀರ್ಪು ಕೊಟ್ಟು ಹತ್ತು ದಿನವಾಗಿತ್ತು. ತೀರ್ಪಿನ ಜೊತೆಗೆ ಕೀಲಿಯನ್ನೂ ಜಪ್ತಿ ಮಾಡಿದ್ದರು. ಅಂದಿನಿಂದ ಆ ಹೆಂಡತಿ, ಆಸ್ಪತ್ರೆಯ ನರ್ಸಮ್ಮ, ಬೆಳಗಿನ ಪಾಳಿಗೆ ಎರಡು ಬಸ್ಸು ಬದಲಿಸಿ, ಎರಡರಲ್ಲೂ ನಿಂತುಕೊಂಡೇ ಹೋಗುತ್ತಿದ್ದಳು.

ಮೇಷ್ಟ್ರ ಬಳಿ ಪುರಾವೆ ಇಲ್ಲದಿರಲಿಲ್ಲ. ಅವರು ಓಡಿಸಿದರೆ ಎಂಜಿನ್ನಿನ ಬಿಸಿ ತೋರಿಸುವ ಸೂಜಿ ಅಲುಗುತ್ತಿರಲಿಲ್ಲ. ಅವಳು ಓಡಿಸಿದರೆ ಮಾತ್ರ ಸಿಗ್ನಲ್ಲಿನಲ್ಲಿ ನಿಂತ ಐದೇ ನಿಮಿಷಕ್ಕೆ ಕೆಂಪು ಗೆರೆ ಮುಟ್ಟುತ್ತಿತ್ತು. ಅವರು ಓಡಿಸುವುದು ಭಾನುವಾರದ ಖಾಲಿ ಹೆದ್ದಾರಿಯಲ್ಲಿ, ಅವಳು ಓಡಿಸುವುದು ಸೋಮವಾರದ ಒಂಬತ್ತು ಸಿಗ್ನಲ್ಲುಗಳ ನಡುವೆ ಎಂಬ ಅಲ್ಪ ವ್ಯತ್ಯಾಸ ಅಷ್ಟು ದೊಡ್ಡ ತಲೆಗೆ ಹೊಳೆಯಲಿಲ್ಲ. ಕೈಗೆಟುಕುವಷ್ಟು ಹತ್ತಿರ ಹೆಂಡತಿ ಇರುವಾಗ ಗೂಬೆ ಕೂರಿಸಲು ಬೇರೆ ತಲೆ ಹುಡುಕುವ ಕಷ್ಟ ಯಾರಿಗೆ ಬೇಕು?

ಬೇಸರದ ಸಂಗತಿಯೆಂದರೆ ಅವಳೂ ಅದನ್ನು ನಂಬತೊಡಗಿದ್ದಳು. ಬಸ್ಸಿನಲ್ಲಿ ನಿಂತಲ್ಲೇ ಎಡಗಾಲನ್ನು ಎತ್ತಿ ಇಳಿಸಿ ಅದರ ಭಾರ ನೋಡಿಕೊಳ್ಳುತ್ತಿದ್ದಳು. ಹದಿನೈದು ವರ್ಷ ಕಾರು ಓಡಿಸಿದವಳಿಗೆ ಸ್ವಂತ ಕಾಲಿನ ಮೇಲೇ ಅನುಮಾನ.

ಹನ್ನೊಂದನೆಯ ದಿನ ಇಬ್ಬರೂ ಗ್ಯಾರೇಜಿಗೆ ಬಂದರು. ಮೆಕ್ಯಾನಿಕ್‌ನ ಬಾಯಿಂದಲೂ ಒಮ್ಮೆ ಹೇಳಿಸಿಬಿಟ್ಟರೆ ಕೀಲಿ ಇನ್ನು ತಮ್ಮ ಜೇಬು ಬಿಟ್ಟು ಕದಲುವಂತಿಲ್ಲ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು.

"ಇವಳಿಗೆ ಕ್ಲಚ್ ಮೇಲಿಂದ ಕಾಲು ತೆಗೆಯೋದೇ ಗೊತ್ತಿಲ್ಲ. ನೀನಾದ್ರೂ ಬಿಡಿಸಿ ಹೇಳಪ್ಪ" ಅಂದರು.

ಮೆಕ್ಯಾನಿಕ್ ರೇಡಿಯೇಟರಿನ ನೀರು ನೋಡಿದ, ತುಂಬಿತ್ತು. ಎಂಜಿನ್ ಚಾಲೂ ಮಾಡಿ, ಒಳಗೆ ಯಾರನ್ನೂ ಕೂರಿಸದೆ ಬಾನೆಟ್ ಎತ್ತಿ ಕಾದ. ಯಾರ ಕಾಲೂ ಸೋಕದೆಯೇ ಸೂಜಿ ಮೇಲೇರಿತು.

"ಒಳಗೆ ಯಾರೂ ಇಲ್ವಲ್ಲ ಸಾರ್."

"ಇವಳು ಓಡಿಸಿ ಓಡಿಸಿ ಕಾರಿಗೇ ಅಭ್ಯಾಸ ಆಗಿರಬೇಕು."

ಅಷ್ಟರಲ್ಲಿ ರೇಡಿಯೇಟರ್ ಫ್ಯಾನು ಗಿರ್ರನೆ ತಿರುಗತೊಡಗಿತು. "ಫ್ಯಾನ್ ಸರಿಯಾಗೇ ಇದೆ ನೋಡು. ಹೋದ ತಿಂಗಳು ಹೊಸ ಮೋಟಾರು ನಾನೇ ಕೂರಿಸಿದ್ದು" ಎಂದು ಮೇಷ್ಟ್ರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಮೆಕ್ಯಾನಿಕ್ ಹಳೇ ಪತ್ರಿಕೆಯ ಒಂದು ಹಾಳೆ ಹರಿದು ಕಾರಿನ ಮೂತಿಯ ಜಾಲರಿಗೆ ಹಿಡಿದ. "ಫ್ಯಾನು ಹೊರಗಿನ ತಣ್ಣನೆ ಗಾಳೀನ ಒಳಗೆ ಎಳೀಬೇಕು. ಕಾಗದ ಇಲ್ಲಿ ಅಂಟ್ಕೋಬೇಕು" ಎಂದು ಕೈಬಿಟ್ಟ. ಕಾಗದ ಅಂಟಲಿಲ್ಲ. ಹಾರಿ ಬಂದು ಮೇಷ್ಟ್ರ ಹೊಟ್ಟೆಗೆ ಬಡಿಯಿತು.

"ಎಂಜಿನ್ನಿನ ಬಿಸಿಗಾಳೀನ ರೇಡಿಯೇಟರಿಗೇ ಊದ್ತಾ ಇದೆ ಸಾರ್, ಉಲ್ಟಾ. ಓಡುವಾಗ ಎದುರು ಗಾಳಿ ಕಾಪಾಡುತ್ತೆ. ನಿಂತ್ರೆ ಕಾಪಾಡೋರು ಯಾರು? ಮೋಟಾರಿನ ಎರಡು ವೈರು ಅದಲು ಬದಲಾಗಿವೆ."

"ಬಲ್ಬಿಗಾದ್ರೆ ವೈರು ಹೇಗೆ ಕೊಟ್ರೂ ಉರಿಯುತ್ತೆ" ಅಂದರು ಮೇಷ್ಟ್ರು, ದನಿ ತಗ್ಗಿಸಿ.

"ಇದು ಬಲ್ಬಲ್ಲ ಸಾರ್."

ಮೂವತ್ತು ವರ್ಷ ಪ್ಲಸ್ಸು ಮೈನಸ್ಸು ತಪ್ಪಿದ ಮಕ್ಕಳಿಗೆ ಸೊನ್ನೆ ಸುತ್ತಿದ ಮಹಾನುಭಾವರು ಪೆಚ್ಚು ಮೋರೆ ಹಾಕಿಕೊಂಡು ಗೋಡೆಯ ಮೇಲಿನ ಟೈರಿನ ಜಾಹೀರಾತು ಓದತೊಡಗಿದರು. ಅವಳಿಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು. ಗಂಡನ ಮೇಲೆ ಅರ್ಧ, ಅವರ ಮಾತು ಕೇಳಿ ತನ್ನ ಕಾಲನ್ನೇ ದೂರಿಕೊಂಡ ತನ್ನ ಮೇಲೆ ಇನ್ನರ್ಧ.

ವೈರು ಬದಲಾಯಿಸಿದ ಮೇಲೆ ಎಂಜಿನ್ನು ಇಪ್ಪತ್ತು ನಿಮಿಷ ನಿಂತಲ್ಲೇ ಓಡಿತು. ಸೂಜಿ ನಡುವಿನಿಂದ ಮೇಲೇಳಲಿಲ್ಲ. ಮೆಕ್ಯಾನಿಕ್ ರೂಢಿಯಂತೆ ಕೀಲಿಯನ್ನು ಮೇಷ್ಟ್ರತ್ತ ಚಾಚಿದ. ಅವಳು ನಡುವೆ ಕೈಯೊಡ್ಡಿ ತೆಗೆದುಕೊಂಡಳು.

ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಪಕ್ಕದ ಸೀಟಿನಲ್ಲಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಎಂಥೆಂಥವರಿಗೂ ಒಂದೊಂದು ಸಲ..."

"ರೀ, ಈ ಹತ್ತು ದಿನದಲ್ಲಿ ನಿಮ್ಮ ಹತ್ರ ಎಷ್ಟು ಸಲ ತಪ್ಪಾಯ್ತು ಅಂದಿದ್ದೀನಿ, ನೆನಪಿದೆಯಾ?"

"ಎರಡು ಸಲ ಇರಬೇಕು."

"ಮೂರು."

ಹಸಿರು ದೀಪ ಬಂತು. ಅವಳು ಕಾರು ಕದಲಿಸಲಿಲ್ಲ. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಮೇಷ್ಟ್ರು ಹಿಂದೆ ತಿರುಗಿ ನೋಡಿದರು, ಮುಂದೆ ನೋಡಿದರು, ಕೊನೆಗೆ ತಮ್ಮ ಮಂಡಿ ನೋಡಿಕೊಂಡು "ತಪ್ಪಾಯ್ತು" ಅಂದರು.

"ಇನ್ನೆರಡು" ಅಂದಳು ಅವಳು.