ಹತ್ತು ಎಣಿಸುವ ಮೊದಲು

ಪ್ರೊಜೆಕ್ಟರಿನ ಫ್ಯಾನು ಗುಂಯ್ ಎನ್ನುತ್ತಿದೆ, ಹಿಂದಿನ ಸಾಲಿನಲ್ಲಿ ಯಾರೋ ಕುರ್ಚಿ ಎಳೆದರು, ಇದೇ ಸದ್ದು ಚಿತ್ರೀಕರಣದಲ್ಲಿ ಆಗಿದ್ದರೆ ಎಗರಾಡಿಬಿಡುತ್ತಿದ್ದಳು, ಮೇಡಂ ಬಂದ್ರೆ ಸೊಳ್ಳೆ ಕೂಡ ಉಸಿರು ಬಿಗಿಹಿಡಿಯುತ್ತೆ ಅಂತ ಈ ವಿದ್ಯಾರ್ಥಿಗಳು ಬೆನ್ನ ಹಿಂದೆ ಆಡಿಕೊಳ್ಳುವುದು ಅವಳಿಗೇನು ಗೊತ್ತಿಲ್ಲದ್ದಲ್ಲ — ಇಪ್ಪತ್ತೆರಡು ವರ್ಷ, ನಾಲ್ಕು ಸಿನಿಮಾ, ಒಂದಕ್ಕೂ ಥಿಯೇಟರ್ ಸಿಗಲಿಲ್ಲ, ಹೊಟ್ಟೆಪಾಡಿಗೆ ಈ ಪಾಠ, ಪಾಠವೆಂದರೂ ಒಂದೇ ಒಂದು, ಕಟ್ ಅನ್ನುವ ಮುಂಚೆ ಮನಸ್ಸಿನಲ್ಲೇ ಹತ್ತು ಎಣಿಸಿ, ಜನ ನಿಜ ಹೇಳುವುದು ಮಾತು ಮುಗಿದ ಮೇಲೆ. ಪರದೆಯ ಮೇಲೆ ಅಮ್ಮ, ಧ್ವನಿ ಬಂದ್ ಮಾಡಿದ ತುಣುಕು. ಅಡುಗೆಮನೆಯ ಸ್ಟೂಲಿನಲ್ಲಿ ಕೂತ ಅಮ್ಮ, ಟೆಲಿಫೋನ್ ಕಚೇರಿಯಲ್ಲಿ ಮೂವತ್ತು ವರ್ಷ ಬೇರೆಯವರ ಮಾತು ಜೋಡಿಸಿದ ಅಮ್ಮ, ತುಟಿ ಅರೆ ತೆರೆದು — ಈ ತುಣುಕನ್ನೇ ಯಾಕೆ ತಂದಳೋ ಇವತ್ತು, ಅಮ್ಮ ಹೋಗಿ ಎಂಟು ತಿಂಗಳು, ಅಮ್ಮನ ಮೇಲಿನ ಈ ಸಿನಿಮಾಕ್ಕೆ ಇನ್ನೂ ಕೊನೆ ಕೂರುತ್ತಿಲ್ಲ. ಅವತ್ತು, ಶೂಟಿಂಗಿನ ದಿನ, ಸದ್ದು ಮೈಕಿಗೆ ಬರುತ್ತದೆಂದು ಅವಳೇ ಫ್ರಿಜ್ಜು ಆಫ್ ಮಾಡಿದ್ದಳು, ಮತ್ತೆ ಹಾಕಲು ಮರೆಯದಿರಲೆಂದು ಕಾರಿನ ಕೀಯನ್ನು ಅದರೊಳಗೇ ಇಟ್ಟಿದ್ದಳು, ಹಾಲಿನ ಪಾತ್ರೆಯ ಪಕ್ಕ, ಸೌಂಡಿನವರೆಲ್ಲ ಮಾಡುವ ಹಾಗೆ, ಹೊರಡಬೇಕೆಂದರೆ ಫ್ರಿಜ್ಜು ನೆನಪಾಗಲೇಬೇಕು, ಅಮ್ಮ ನಕ್ಕಿದ್ದಳು, ಕೀ ತಣ್ಣಗಿಟ್ರೆ ಕಾರು ಚೆನ್ನಾಗಿ ಓಡುತ್ತೇನೇ? ಆಮೇಲೆ ಆ ಪ್ರಶ್ನೆ, ಇಷ್ಟು ವರ್ಷ ಗಂಟಲಲ್ಲೇ ಇದ್ದದ್ದು, ಮುಖ ನೋಡಿ ಕೇಳಲಾರದೆ ಕ್ಯಾಮೆರಾದ ಹಿಂದೆ ಅವಿತು ಕೇಳಿದ್ದು, ಅಮ್ಮ, ನೀನು ಕೊಡಿಸಿದ್ದ ಕೆಲಸ ಬಿಟ್ಟು ನಾನು ಸಿನಿಮಾ ಹಿಡಿದಿದ್ದು ತಪ್ಪಾಯ್ತು ಅನ್ಸುತ್ತಾ ನಿನಗೆ? ಅಮ್ಮ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು, ತುಟಿ ತೆರೆದಳು, ಒಂದು, ಎರಡು, ಮೂರು, ಗೋಡೆ ಗಡಿಯಾರದಲ್ಲಿ ಹತ್ತೂವರೆ, ಹನ್ನೊಂದಕ್ಕೆ ಕ್ಲಾಸು, ಬೀದಿಯಲ್ಲಿ ಯಾವನದೋ ಬೈಕು — ಕಟ್. ಬೈಕಿನ ಸದ್ದಿಗೇ ಅಂದದ್ದು, ಹೌದು, ಬೈಕಿಗೇ, ಸುಳ್ಳು, ಹೆದರಿದ್ದಳು, ಉತ್ತರ ಬಂದೇಬಿಡುತ್ತದೆಂದು. ಏನಮ್ಮಾ, ಏನೋ ಹೇಳೋಕೆ ಹೊರಟಿದ್ದೆ? ಏನಿಲ್ಲ ಬಿಡು, ಹಾಲು ಕೆಡುತ್ತೆ, ಅಮ್ಮನೇ ಎದ್ದು ಸ್ವಿಚ್ ಒತ್ತಿ, ಕೀ ತೆಗೆದು ಅವಳ ಅಂಗೈಗಿಟ್ಟಳು, ಹೋಗು, ಕ್ಲಾಸಿನ ಮಕ್ಕಳು ಕಾಯ್ತಿರ್ತಾರೆ. ತಣ್ಣನೆಯ ಕೀ. ಮುಂದಿನ ವಾರ ಕೇಳಿದರಾಯಿತು, ಮುಂದಿನ ವಾರ ಆಸ್ಪತ್ರೆ, ಅಮ್ಮನ ಬಾಯಿಗೆ ನಳಿಕೆ, ಮತ್ತೆ ಮಾತಿಲ್ಲ. ಅವತ್ತು ಓಡೋಡಿ ಬಂದು ಮಾಡಿದ ಪಾಠವಾದರೂ ಯಾವುದು, ಇದೇ, ಹತ್ತು ಎಣಿಸಿ.

ಮೇಡಂ, ಇದನ್ನ ಶೂಟ್ ಮಾಡಿದ್ದು ಯಾರು, ಮೂರಕ್ಕೇ ಕಟ್ ಅಂದುಬಿಟ್ಟಿದ್ದಾರಲ್ಲ? ಮುಂದಿನ ಬೆಂಚಿನ ಬಾಯಾಳಿ, ಕ್ಲಾಸೆಲ್ಲ ನಕ್ಕಿತು, ಯಾವುದೋ ದಡ್ಡಿ ಎಂದು ತೇಲಿಸಿಬಿಡಬಹುದು, ನಾಲಿಗೆಯ ತುದಿಗೇ ಬಂದಿದೆ — ನಾನೇ, ಅಂದಳು. ನಗು ನಿಂತಿತು. ಮತ್ತೆ, ಅವರು ಏನು ಹೇಳಿದ್ರು ಮೇಡಂ? ಗುಂಡಿ ಒತ್ತಿ ತುಣುಕನ್ನು ಹಿಂದಕ್ಕೆ ಓಡಿಸಿದಳು, ಅಮ್ಮ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು, ತುಟಿ — ಅಲ್ಲಿಗೇ ನಿಲ್ಲಿಸಿ ಮೂರರ ಮುಂದಕ್ಕೆ ಎಣಿಸತೊಡಗಿದಳು, ನಾಲ್ಕು, ಐದು, ಹೌದು ಅನ್ನಲು ಬಾಯಿ ಹೀಗೆ ತೆರೆಯುತ್ತದೋ, ಇಲ್ಲ ಅನ್ನಲೋ, ಆರು, ಏಳು, ಯಾರೂ ಕುರ್ಚಿ ಎಳೆಯುತ್ತಿಲ್ಲ, ಎಂಟು, ಒಂಬತ್ತು, ಹೇಳಮ್ಮಾ, ಹತ್ತು, ಅರೆ ತೆರೆದ ತುಟಿ, ಹನ್ನೊಂದು, ಹನ್ನೆರಡು, ಅರೆ ತೆರೆದ ತುಟಿ